ಮುದ್ರೆಯಿಲ್ಲದ ಕಲ್ಲು

ಜಿಲ್ಲಾ ಪಂಚಾಯಿತಿಯ ಎರಡನೇ ಮಹಡಿ, ಹಾಸನ.
ಮೇಜಿನ ಮೇಲೆ ಕ್ಯಾಂಟೀನಿನಿಂದ ತಂದ ಐದು ಸ್ಟೀಲು ಲೋಟ,
ಒಂದೊಂದಕ್ಕೂ ನಾನೇ ಅಂಟಿಸಿದ ಚೀಟಿ:
ಖರ್ಚು, ಕಟ್ಟಡ, ನೀರು, ದೂರ, ರೋಗಿಗಳ ಸಂಖ್ಯೆ.
ತಲೆಗೆ ನೂರು ಹುಣಸೆಬೀಜ. ಎಣಿಸಿ ತಂದವಳೂ ನಾನೇ,
ಸಂಖ್ಯಾಶಾಖೆಯ ಕಿರಿಯ ಸಹಾಯಕಿ.

ರಕ್ತ ಸೋಸುವ ಯಂತ್ರ ಬಂದಿರುವುದು ಒಂದು.
ಕೇಳಿರುವ ಊರು ಮೂರು:
ಜಾವಗಲ್ಲು, ಕೊಣನೂರು, ಹಳ್ಳಿಮೈಸೂರು.

ಮೈಸೂರಿನಿಂದ ಬಂದ ಅರ್ಥಶಾಸ್ತ್ರದ ಮೇಡಂ ಅಂದರು:
"ಸುಮ್ಮನೆ ‘ಖರ್ಚು ಮುಖ್ಯ’ ಅನ್ನಬೇಡಿ.
ಅಗ್ಗದ ಊರಿಗೂ ತುಟ್ಟಿಯ ಊರಿಗೂ ಅಂತರ ಎಷ್ಟು?"
ಎರಡು ಲಕ್ಷ, ಅಂದೆ.
"ಆ ಎರಡು ಲಕ್ಷ ಉಳಿಸಲು ಎಷ್ಟು ಕಿಲೋಮೀಟರು
ರೋಗಿಯನ್ನು ಹೆಚ್ಚಿಗೆ ಓಡಾಡಿಸುತ್ತೀರಿ?"
ಸಭೆ ಬೋಂಡಾ ಅಗಿಯುವುದನ್ನು ನಿಲ್ಲಿಸಿತು.

ನನ್ನಪ್ಪ ತೂಕದ ದ್ಯಾವಯ್ಯ.
ಸಂತೇಪೇಟೆಯ ಆಲೂಗಡ್ಡೆ ಮಂಡಿಯಲ್ಲಿ
ಮೂವತ್ತೊಂದು ವರ್ಷ ತಕ್ಕಡಿ ಹಿಡಿದವನು.
ಬೆಳಗ್ಗೆ ಮೊದಲು ಬರಿ ತಟ್ಟೆ ತೂಗಿ ನೋಡುತ್ತಿದ್ದ.
ಕಲ್ಲನ್ನು ಮಗುಚಿ ಅದರ ಅಂಗಾಲು ತೋರಿಸುತ್ತಿದ್ದ:
"ಇಗೋ ಸರ್ಕಾರದ ಮುದ್ರೆ. ಸೀಸ ತುಂಬಿ ವರ್ಷ ಒತ್ತಿದ್ದು.
ಇದಿಲ್ಲದಿದ್ದರೆ ಕಲ್ಲಲ್ಲ ಕಣವ್ವ, ಬರೀ ಕಬ್ಬಿಣ."
ಚೀಲಕ್ಕೆ ಎರಡು ಕೆಜಿ ಸೂಟು ಮುರಿಯುವುದು ಮಂಡಿಯ ವಾಡಿಕೆ.
ಅವನು ಅದನ್ನು ಕೂಗಿ ಹೇಳಿ ಮುರಿಯುತ್ತಿದ್ದ,
ಬೆಳೆದವನು ಬೈಯುವುದಕ್ಕಾದರೂ ಆಗಲಿ ಎಂದು.

ಲೋಟಗಳಲ್ಲಿ ಬೀಜ ಉದುರುವ ಸದ್ದು.
ಲೆಕ್ಕಾಧಿಕಾರಿ ರುದ್ರಮುನಿ
ಖರ್ಚಿಗೆ ನಲವತ್ತು ಹಾಕಿದರು, ಕಟ್ಟಡಕ್ಕೆ ಮೂವತ್ತು.
ಕಟ್ಟಡ ಇದ್ದಲ್ಲಿ ತಾನೇ ಖರ್ಚು ಕಮ್ಮಿ?
ಒಂದೇ ಕಲ್ಲನ್ನು ಎರಡು ಸಲ ಇಟ್ಟರು, ಕೈ ನಡುಗದೆ.
ಸಿಸ್ಟರ್ ಫಿಲೋಮಿನಾ ಅರವತ್ತನ್ನು ದೂರಕ್ಕೆ ಸುರಿದು
ಉಳಿದದ್ದನ್ನು ಎಣಿಸದೆ ರೋಗಿಗಳಿಗೆ.
ಕೊಣನೂರಿನ ಸದಸ್ಯರು ನೀರು, ನೀರು ಎನ್ನುತ್ತಾ;
ಅವರೂರಿನ ಮಗ್ಗುಲಲ್ಲೇ ಕಾವೇರಿ.
ತಪ್ಪೂ ಅಲ್ಲ, ಯಂತ್ರ ನೀರು ಕುಡಿಯುತ್ತದೆ,
ಜಾವಗಲ್ಲಿನ ಬೋರು ಅದಕ್ಕೆ ಒಗ್ಗುವುದಿಲ್ಲ.
ಯಾರೋ ಹುರಿದದ್ದೆಂದು ಒಂದು ಬೀಜ ಬಾಯಿಗೆ ಹಾಕಿಕೊಂಡರು.
ತೊಂಬತ್ತೊಂಬತ್ತನ್ನೇ ನೂರು ಮಾಡಿಕೊಂಡೆ.

ಅರವತ್ತೊಂದನೇ ಫಾರಂ: ಸಾಕಿಬಾಯಿ,
ಜಾವಗಲ್ಲಿನಾಚೆಯ ತಾಂಡಾ, ವಾರಕ್ಕೆ ಎರಡು ಸಲ ಹಾಸನಕ್ಕೆ.
ಪ್ರಶ್ನೆ ಒಂಬತ್ತು: ನಿಮಗೆ ಯಾವುದು ಮುಖ್ಯ?
"ಮಗಳು ಸ್ಕೂಲಿಂದ ಬರೋ ಹೊತ್ತಿಗೆ
ಬಾಗಿಲು ತೆಗೆದಿರಬೇಕು."
ಅದಕ್ಕೆ ಲೋಟ ಇರಲಿಲ್ಲ.
‘ದೂರ’ ಎಂದು ಬರೆದುಕೊಂಡೆ.
ದೂರ ಅಲ್ಲ ಅದು.

ಸರಾಸರಿ ತೆಗೆದು, ಗುಣಿಸಿ, ಕೂಡಿದೆ.
ಕೊಣನೂರು.
ಕೈ ಸುಮ್ಮನಿರದೆ ನೀರಿನ ಲೋಟದಿಂದ
ಎರಡೇ ಎರಡು ಬೀಜ ದೂರಕ್ಕೆ ದಾಟಿಸಿದೆ.
ಜಾವಗಲ್ಲು.
ವಾಪಸು ಹಾಕಿದೆ. ಕೊಣನೂರು.
ಹೊಸ ಮನೆಯಲ್ಲಿ ಸ್ವಿಚ್ಚು ಆಡಿಸುವ ಮಗುವಿನ ಹಾಗೆ
ನಾಲ್ಕು ಸಲ ಮಾಡಿದೆ.
ಬೀಜ ಮಗುಚಿ ನೋಡಿದೆ. ಎರಡೂ ಮಗ್ಗುಲು ಒಂದೇ ಹೊಳಪು.
ಮುದ್ರೆ ಎಲ್ಲೂ ಇಲ್ಲ.

‘ಅಳೆದು ತೂಗಿ, ಸರ್ವಾನುಮತದಿಂದ’ ಎಂದು ಬರೆಸಿದರು.
ಕೆಳಗೆ ನಾನು ಸೇರಿಸಿದೆ:
ಯಾರು ಯಾವ ಲೋಟಕ್ಕೆ ಎಷ್ಟು, ಹೆಸರು ಸಮೇತ.
ಎರಡು ಬೀಜದ ಸಂಗತಿಯನ್ನೂ.
ರುದ್ರಮುನಿ ಸಾಹೇಬರು ಕನ್ನಡಕ ಏರಿಸಿದರು:
"ಇದೆಲ್ಲ ಯಾಕಮ್ಮ?"
"ಸೂಟು ಸಾರ್. ಕೂಗಿ ಹೇಳಬೇಕು."
ಅವರಿಗೆ ತಿಳಿಯಲಿಲ್ಲ.
ಊಟದ ಹೊತ್ತಾಗಿತ್ತು, ಸಹಿ ಹಾಕಿದರು.

ಲೋಟ ತೊಳೆದು ಕ್ಯಾಂಟೀನಿಗೆ ಕೊಟ್ಟೆ.
ನಾಳೆ ಬೆಳಗಿನ ಜಾವ ನಾಲ್ಕೂ ನಲವತ್ತರ ಬಸ್ಸು
ಜಾವಗಲ್ಲಿನಲ್ಲಿ ನಿಲ್ಲುತ್ತದೆ.
ಎರಡು ಹುಣಸೆಬೀಜ ಹತ್ತುತ್ತವೆ,
ಕಿಟಕಿಯ ಪಕ್ಕ ಕೂರುತ್ತವೆ,
ಕಂಡಕ್ಟರು ಟಿಕೆಟ್ಟು ಕೇಳಿದರೆ
ಸಾಕಿಬಾಯಿಯ ಕಡೆ ನೋಡುತ್ತವೆ.